ಬಾನ್ ಚಿಯಾಂಗ್ ಮಡಕೆಗೆ 1970ರ ಗೆರೆ ಸಾಕೇ?

ಕಡತದ ಹುಳು
ಥಾಯ್ಲೆಂಡಿನ ಬಾನ್ ಚಿಯಾಂಗ್ ಅನ್ನೋ ಪುರಾತನ ನೆಲೆಯ ಮಡಕೆಯೊಂದು ಅಮೆರಿಕದ ಮ್ಯೂಸಿಯಮ್ಮಿಗೆ ದಾನವಾಗಿ ಬಂದಿದೆ ಅನ್ನಿ. ಅದು ಕಳವಿನ ಮಾಲಲ್ಲ ಅಂತ ಖಾತ್ರಿಯಾಗಲು ನೋಡಬೇಕಾದ್ದು ದಾನಪತ್ರ, ಮಾರಿದವರ ಬಿಲ್ಲು, ತಳದ ಚೀಟಿ. ನವೆಂಬರ್ 1970ಕ್ಕೆ (ಪುರಾತನ ವಸ್ತುಗಳ ಕಳ್ಳಸಾಗಣೆ ತಡೆಯೋ ಯುನೆಸ್ಕೋ ಒಪ್ಪಂದವಾದ ತಿಂಗಳು) ಮೊದಲೇ ಅದು ಥಾಯ್ಲೆಂಡ್ ಬಿಟ್ಟಿತ್ತು ಅನ್ನೋ ಕಾಗದ ಸಿಕ್ಕರೆ ಮುಗಿಯಿತು. ಅಮೆರಿಕದ ಮ್ಯೂಸಿಯಂ ನಿರ್ದೇಶಕರ ಸಂಘ 2008ರಲ್ಲಿ ಒಪ್ಪಿದ್ದೂ ಇದೇ ಗೆರೆಯನ್ನ. ಜೊತೆಗೆ ಟಿಎಲ್ (ಥರ್ಮೋಲ್ಯೂಮಿನೆಸೆನ್ಸ್, ಮಡಕೆಯ ವಯಸ್ಸು ಹೇಳೋ ಪರೀಕ್ಷೆ) ವರದಿ ಇದ್ದರಂತೂ ತಕರಾರೇ ಇಲ್ಲ.

ಕುಂಬಾರಗೇರಿ
"ಮುಗಿಯಿತು" ಅಂತೆ! ಥಾಯ್ ಕಾನೂನು 1961ರದ್ದು ಸ್ವಾಮಿ. ಲಲಿತಕಲಾ ಇಲಾಖೆಯ ಪರವಾನಗಿ ಇಲ್ಲದೆ ಪುರಾತನ ವಸ್ತು ಗಡಿ ದಾಟುವಂತಿಲ್ಲ. 1968ರ ಬಿಲ್ಲು ನಿಮ್ಮ ಗೆರೆಗೆ ಸರಿಹೋಗುತ್ತೆ, ಅವರ ಕಾನೂನಿಗಲ್ಲ.

ಶ್ಯಾಮಲೆ
"ಟಿಎಲ್ ಇದ್ದರೆ ತಕರಾರೇ ಇಲ್ಲ" ಅಂದರೆ ಏನರ್ಥ? ಆ ಪರೀಕ್ಷೆ ಹೇಳೋದು ಮಣ್ಣು ಕೊನೆಯ ಸಲ ಸುಟ್ಟದ್ದು ಯಾವಾಗ ಅಂತ. ಯಾರ ಕೈಯಿಂದ ಯಾರ ಕೈಗೆ ಬಂತು ಅಂತಲ್ಲ. ನಿಜ ಹೇಳಬೇಕೆಂದರೆ ಮಡಕೆ ಅಸಲಿಯಾದರೇ ಕಳವಿನ ಪ್ರಶ್ನೆ ಏಳೋದು.

ಕಡತದ ಹುಳು
ನಕಲಿ ಮಡಕೆಗೆ ಒಡೆತನದ ಇತಿಹಾಸ ಹುಡುಕುತ್ತಾ ಕೂರುತ್ತೀರಾ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದಹಾಗೆ. ಮೊದಲು ಅಸಲಿಯೋ ಅಲ್ಲವೋ ಗೊತ್ತಾಗಬೇಕು, ಅದಕ್ಕೇ ಟಿಎಲ್.

ಶ್ಯಾಮಲೆ
ಅದೂ ಪೂರ್ತಿ ಗೊತ್ತಾಗಲ್ಲ. ಪರೀಕ್ಷೆಗೆ ಪುಡಿ ಕೊರೆಯೋದು ತಳದಲ್ಲಿ, ಬಣ್ಣ ಇರೋದು ಹೊಟ್ಟೆಯ ಮೇಲೆ. ಬೋಳು ಹಳೆ ಮಡಕೆಗೆ ಹೊಸದಾಗಿ ಕೆಂಪು ಸುರುಳಿ ಬಳಿದು ಮಾರಿದ್ದುಂಟು, ಟಿಎಲ್ ಅದನ್ನು ಪಾಸು ಮಾಡುತ್ತೆ. ನಾಲ್ಕು ಮಡಕೆಯ ಚೂರು ಸೇರಿಸಿ ಒಂದು ಮಾಡಿದ್ದರೂ ಕೊರೆದ ಚೂರಿನ ವಯಸ್ಸಷ್ಟೇ ಸಿಗೋದು. ಹತ್ತಿಗೆ ಅಸಿಟೋನ್ ಅದ್ದಿ ಒಂದು ಮೂಲೆಯಲ್ಲಿ ಒರೆಸಿ, ಕೆಂಪು ಕಿತ್ತುಬಂದರೆ ಬಣ್ಣ ಈಚಿನದು.

ಬಿಳಿಜೇಡಿ
ಅಸಿಟೋನ್?! ಹಳೆ ರಿಪೇರಿಯ ಅಂಟು ಬಿಡುತ್ತೆ, ತಳದ ಚೀಟಿಯ ಶಾಯಿ ಹರಡುತ್ತೆ. ಹರಾಜಿನ ಲಾಟ್ ನಂಬರ್ ಅಳಿಸಿಹೋದ ಮೇಲೆ ಯಾವ ಒಡೆತನ ಹುಡುಕುತ್ತೀರಿ? ಮೊದಲು ತಳದ ಫೋಟೋ, ಆಮೇಲೆ ನೇರಳಾತೀತ ಬೆಳಕು. ಹೊಸ ಅಂಟು, ಹೊಸ ಬಣ್ಣ ಎಷ್ಟೋ ಸಲ ಅಲ್ಲೇ ಬೇರೆಯಾಗಿ ಹೊಳೆಯುತ್ತೆ. ಒರೆಸೋದು ಸಂರಕ್ಷಣಾ ತಜ್ಞರ ಕೆಲಸ.

ಕುಂಬಾರಗೇರಿ
ಟಿಎಲ್ ಭಕ್ತರಿಗೆ ಒಂದು ನೆನಪು. 1970ರ ದಶಕದ ಆರಂಭದಲ್ಲಿ ಇದೇ ಲೆಕ್ಕ ಬಾನ್ ಚಿಯಾಂಗ್ ಚೂರುಗಳನ್ನ ಕ್ರಿ.ಪೂ. 4000ದ ಆಚೆಗೆ ಒಯ್ದಿತ್ತು. ಕೆಂಪು ಚಿತ್ತಾರದ ಮಡಕೆಗಳು ಈಗ ಕ್ರಿ.ಪೂ. 300ರ ಆಸುಪಾಸಿಗೆ ಇಳಿದಿವೆ.

ಕಡತದ ಹುಳು
50 ವರ್ಷ ಹಿಂದಿನ ತಪ್ಪು ಹಿಡಿದು ಜೋತಾಡಬೇಡಿ. 2000 ವರ್ಷದ್ದೋ 20 ವರ್ಷದ್ದೋ ಹೇಳೋಕೆ ಅಷ್ಟು ನಿಖರತೆ ಬೇಕಿಲ್ಲ.

ಬಿಳಿಜೇಡಿ
ಕಾಗದ ಸಿಕ್ಕರೆ ಮುಗಿಯಿತು ಅಂದಿರಲ್ಲ, ಆ ಕಾಗದವೇ ಸುಳ್ಳಾದರೆ? ಜನವರಿ 2008ರಲ್ಲಿ ಕ್ಯಾಲಿಫೋರ್ನಿಯಾದ ಮ್ಯೂಸಿಯಮ್ಮುಗಳ ಮೇಲೆ ದಾಳಿಯಾದಾಗ ತನಿಖಾಧಿಕಾರಿಗಳು ಹೇಳಿದ್ದು: ಅಸಲಿ ಮಾಲಿಗೆ "ಮೇಡ್ ಇನ್ ಥಾಯ್ಲೆಂಡ್" ಚೀಟಿ ಅಂಟಿಸಿ ಹೊಸ ಸರಕು ಅಂತ ತಂದರು, ಅಗ್ಗಕ್ಕೆ ಕೊಂಡದ್ದಕ್ಕೆ 5000 ಡಾಲರಿಗೆ ತುಸು ಕಡಿಮೆ ಬೆಲೆ ಕಟ್ಟಿ ದಾನ ಕೊಟ್ಟರು. 5000 ದಾಟಿದರೆ ತೆರಿಗೆ ವಿನಾಯಿತಿಗೆ ಅರ್ಹ ಮೌಲ್ಯಮಾಪಕರ ವರದಿ ಬೇಕು. ಹಾಗಾಗಿ ಒಂದೇ ದಾನಿಯಿಂದ ಒಂದೇ ವರ್ಷ 4900ರ ಸಾಲು ಕಂಡರೆ ಕಡತ ಪೂರ್ತಿ ತೆಗೆಸಿ. ದಾಳಿಗೊಳಗಾದವುಗಳಲ್ಲಿ ಒಂದಾದ ಬೋವರ್ಸ್ ಮ್ಯೂಸಿಯಂ 2014ರಲ್ಲಿ 542 ವಸ್ತು ಥಾಯ್ಲೆಂಡಿಗೆ ಹಿಂದಿರುಗಿಸಿತು.

ಕಡತದ ಹುಳು
"ಹಿಂದಿರುಗಿಸಿತು" ಸರಿ. ಒಪ್ಪಂದ ಮಾಡಿಕೊಂಡು ಕೊಟ್ಟದ್ದು, ಶಿಕ್ಷೆಯಾಗಿ ಅಲ್ಲ.

ಕುಂಬಾರಗೇರಿ
ದಾನಿಯ ಪತ್ರದಲ್ಲಿ "1955ರಲ್ಲಿ ಬಾನ್ ಚಿಯಾಂಗ್ ಮಡಕೆ ಅಂತ ಕೊಂಡೆ" ಎಂದಿದ್ದರೂ ನಂಬುತ್ತೀರಾ? ಲಲಿತಕಲಾ ಇಲಾಖೆ ಅಲ್ಲಿ ಮೊದಲು ಅಗೆದದ್ದೇ 1967ರಲ್ಲಿ. 1955ರಲ್ಲಿ ಆ ಹೆಸರಿಟ್ಟು ಮಾರಿದವರು ಯಾರು?

ಕಡತದ ಹುಳು
ಹೆಸರನ್ನ ಆಮೇಲೆ ಗುಮಾಸ್ತ ಸೇರಿಸಿರಬಹುದು. ದಾಖಲಾತಿ ಪುಸ್ತಕದ ಮೂಲ ನಮೂದು ನೋಡಿ, ಟೈಪು ಮಾಡಿದ ಕಾರ್ಡನ್ನಲ್ಲ.

ಶ್ಯಾಮಲೆ
ಬಿಳಿಜೇಡಿಯವರೇ, ನಾನು ಹೇಳಿದ್ದು "ಒಂದು ಮೂಲೆಯಲ್ಲಿ" ಅಂತ. ಸರಿಯಾಗಿ ಓದಿ.

ಬಿಳಿಜೇಡಿ
ಮಡಕೆಗೆ ಮೂಲೆ ಎಲ್ಲಿದೆ ತಾಯಿ?