ಮನೆಯ ಸ್ಟುಡಿಯೋಗೆ ಮಾಡೆಲಿಂಗ್ ಮೈಕ್: ಬಳಸಿದವರ ಅನುಭವಗಳು

ಕೋರಿಕೆ (ಶಿವಮೊಗ್ಗ)

ನಮ್ಮ ಮನೆಯ 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯೊಂದನ್ನು ಧ್ವನಿಮುದ್ರಣಕ್ಕೆಂದು ಬಿಟ್ಟುಕೊಂಡಿದ್ದೇವೆ. ನಾನು ಹಾರ್ಮೋನಿಯಂ ನುಡಿಸಿಕೊಂಡು ಭಾವಗೀತೆಗಳನ್ನು ಹಾಡುತ್ತೇನೆ. ನಮ್ಮ ಯಜಮಾನರು ಕಥೆ, ಕಾದಂಬರಿಗಳನ್ನು ಓದಿ ಆಡಿಯೋ ಪುಸ್ತಕ ಮಾಡುತ್ತಾರೆ. ಇಬ್ಬರ ಕಂಠಕ್ಕೂ ಬೇರೆ ಬೇರೆ ಮೈಕ್ ಕೊಳ್ಳುವ ಅನುಕೂಲ ಸದ್ಯಕ್ಕಿಲ್ಲ. ನ್ಯೂಮನ್ ಯು47, ಎಕೆಜಿ ಸಿ12 ಮುಂತಾದ ಹಳೆಯ ಮೈಕ್‌ಗಳ ನಾದವನ್ನೆಲ್ಲ ಒಂದರಿಂದಲೇ ಪಡೆಯಬಹುದೆಂದು ಹೇಳುವ ಮಾಡೆಲಿಂಗ್ ಮೈಕ್ ಕೊಳ್ಳುವುದು ಒಳ್ಳೆಯದೋ, ಸಾಧಾರಣ ಕಂಡೆನ್ಸರ್ ಮೈಕ್ (ಸ್ಟುಡಿಯೋಗಳಲ್ಲಿ ಬಳಸುವ ಸೂಕ್ಷ್ಮ ಮೈಕ್) ಕೊಂಡು ಉಳಿದ ಹಣವನ್ನು ಕೋಣೆಗೆ ಹಾಕುವುದು ಒಳ್ಳೆಯದೋ? ಬಳಸಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ (ಮೈಸೂರು, ಸುಗಮ ಸಂಗೀತದ ಧ್ವನಿಮುದ್ರಣ)

ಮಾಡೆಲಿಂಗ್ ಮೈಕ್ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಸಾಧನಗಳು ಮಾರಾಟವಾಗುತ್ತಿವೆ. ನಿಮ್ಮ ಪ್ರಶ್ನೆಗೆ ಉತ್ತರ ನೀವು ಯಾವ ಬಗೆಯದನ್ನು ನೋಡುತ್ತಿದ್ದೀರಿ ಎಂಬುದರ ಮೇಲೆ ನಿಂತಿದೆ. ಸ್ಲೇಟ್ ಡಿಜಿಟಲ್ ಕಂಪನಿಯ ಎಂಎಲ್-1 ಮೊದಲ ಬಗೆಗೆ ಉದಾಹರಣೆ. ಅದು ತನ್ನದೇ ಬಣ್ಣವನ್ನು ಆದಷ್ಟು ಕಡಿಮೆ ಸೇರಿಸಿ ಒಂದೇ ಸಿಗ್ನಲ್ ಕೊಡುತ್ತದೆ. ಆಮೇಲೆ ಕಂಪ್ಯೂಟರಿನ ಪ್ಲಗಿನ್ (ರೆಕಾರ್ಡಿಂಗ್ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಅದನ್ನು ನೀವು ಆರಿಸಿದ ಮೈಕ್‌ನ ನಾದಕ್ಕೆ ತಿರುಗಿಸುತ್ತದೆ. ಎರಡನೆಯ ಬಗೆಗೆ ಟೌನ್‌ಸೆಂಡ್ ಲ್ಯಾಬ್ಸ್‌ನ ಸ್ಫಿಯರ್ ಎಲ್22 ಉದಾಹರಣೆ. ಆ ಕಂಪನಿಯನ್ನು 2021ರಲ್ಲಿ ಯೂನಿವರ್ಸಲ್ ಆಡಿಯೋ ಕೊಂಡುಕೊಂಡು, 2022ರಲ್ಲಿ ಸ್ಫಿಯರ್ ಡಿಎಲ್ಎಕ್ಸ್ ಮತ್ತು ಎಲ್ಎಕ್ಸ್ ಎಂಬ ಮೈಕ್‌ಗಳನ್ನು ಹೊರತಂದಿತು. ಆಂಟಿಲೋಪ್ ಕಂಪನಿಯ ಎಡ್ಜ್ ಡುಯೋ ಕೂಡ ಇದೇ ಜಾತಿಯದು. ಇವುಗಳಲ್ಲಿ ಮುಂದಿನ ಡಯಾಫ್ರಾಮ್ (ಸದ್ದಿಗೆ ಕಂಪಿಸುವ ತೆಳು ಪೊರೆ) ಮತ್ತು ಹಿಂದಿನ ಡಯಾಫ್ರಾಮ್ ಎರಡರ ಸಿಗ್ನಲ್‌ಗಳೂ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಮುದ್ರಣವಾಗುತ್ತವೆ.

ಮಾಡೆಲಿಂಗ್ ಮೈಕ್‌ಗೆ ಹಣ ಕೊಡುವುದಾದರೆ ಅದು ಈ ಎರಡನೆಯ ಟ್ರ್ಯಾಕ್‌ಗಾಗಿಯೇ ಹೊರತು ಹಳೆಯ ಮೈಕ್‌ಗಳ ಹೆಸರಿನ ಪಟ್ಟಿಗಾಗಿ ಅಲ್ಲ ಎಂಬುದು ನನ್ನ ಅಭಿಪ್ರಾಯ. ಈ ಡಯಾಫ್ರಾಮ್‌ಗಳಂತೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಕಾರ್ಡಿಯಾಯ್ಡ್‌ಗಳನ್ನು (ಮುಂದಿನ ಸದ್ದನ್ನೇ ಹೆಚ್ಚಾಗಿ ಕೇಳುವಂಥವನ್ನು) ಸಮನಾಗಿ ಕೂಡಿಸಿದರೆ ಎಲ್ಲ ದಿಕ್ಕಿನಿಂದಲೂ ಕೇಳುವ ಆಮ್ನಿ ಆಗುತ್ತದೆ, ಒಂದರಿಂದ ಇನ್ನೊಂದನ್ನು ಕಳೆದರೆ ಹಿಂದೆ ಮುಂದೆ ಕೇಳಿ ಪಕ್ಕಗಳಲ್ಲಿ ಕಿವುಡಾಗುವ ಫಿಗರ್-8 ಆಗುತ್ತದೆ, ಕೂಡಿಸುವ ಪ್ರಮಾಣವನ್ನು ಬದಲಿಸಿದರೆ ನಡುವಿನ ಎಲ್ಲ ವಿನ್ಯಾಸಗಳೂ (ಯಾವ ದಿಕ್ಕಿನ ಸದ್ದನ್ನು ಎಷ್ಟು ಕೇಳಬೇಕೆಂಬ ಕ್ರಮಗಳೂ) ಸಿಗುತ್ತವೆ. ಈ ಲೆಕ್ಕವನ್ನು ಹಾಡು ಮುದ್ರಣವಾದ ಮೇಲೂ ಮಾಡಬಹುದು ಎಂಬುದೇ ಇಲ್ಲಿನ ಅನುಕೂಲ.

ನಿಮ್ಮ ವಿಷಯದಲ್ಲಿ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಗಾಯಕರು ತಾವೇ ಹಾರ್ಮೋನಿಯಂ ನುಡಿಸುವಾಗ ಕಾರ್ಡಿಯಾಯ್ಡ್ ಮೈಕ್ ಇಟ್ಟರೆ ತಿದಿಯ ಉಸಿರು ಮತ್ತು ಮನೆಗಳ (ಒತ್ತುವ ಕೀಲಿಗಳ) ಟಕಟಕ ಸದ್ದು ಕಂಠದ ಟ್ರ್ಯಾಕ್‌ಗೆ ಧಾರಾಳವಾಗಿ ನುಗ್ಗುತ್ತದೆ. ಫಿಗರ್-8 ವಿನ್ಯಾಸದಲ್ಲಿ ಎಡಬಲಗಳಂತೆ ನೇರ ಕೆಳಗಿನ ದಿಕ್ಕಿಗೂ ಮೈಕ್ ಕಿವುಡು. ಆದ್ದರಿಂದ ಮೈಕ್ ಅನ್ನು ಬಾಯಿಯ ಎತ್ತರಕ್ಕೆ, ಹಾರ್ಮೋನಿಯಂ ಸರಿಯಾಗಿ ಅದರ ಅಡಿಗೆ ಬರುವಂತೆ ನಿಲ್ಲಿಸಿ, ಮುದ್ರಣವಾದ ಮೇಲೆ ಫಿಗರ್-8ಕ್ಕೆ ತಿರುಗಿಸಿದರೆ ವಾದ್ಯದ ಸದ್ದು ಗಣನೀಯವಾಗಿ ತಗ್ಗುತ್ತದೆ. ಎರಡು ಎಚ್ಚರಿಕೆಗಳಿವೆ. ಈ ವಿನ್ಯಾಸ ಮೈಕ್‌ನ ಹಿಂದಿನ ಗೋಡೆಯನ್ನೂ ನಿಮ್ಮ ಕಂಠದಷ್ಟೇ ಗಮನವಿಟ್ಟು ಕೇಳುವುದರಿಂದ ಆ ಗೋಡೆಗೆ ದಪ್ಪ ರಜಾಯಿಯಾದರೂ ಬೇಕು. ಹತ್ತಿರದಿಂದ ಹಾಡಿದಾಗ ಮಂದ್ರ ಉಬ್ಬುವುದು ಕಾರ್ಡಿಯಾಯ್ಡ್‌ಗಿಂತ ಇದರಲ್ಲಿ ಹೆಚ್ಚಾದ್ದರಿಂದ ಬಾಯಿಯನ್ನು 8ರಿಂದ 10 ಇಂಚು ದೂರವಿಡಬೇಕು.

ಉತ್ತರ (ಧಾರವಾಡ, ಕಥಾವಾಚನ)

ಮೈಸೂರಿನವರು ಬರೆದುದರಲ್ಲಿ ತಪ್ಪಿಲ್ಲ, ಆದರೆ ಓದುವ ಕೆಲಸಕ್ಕೆ ಲೆಕ್ಕಾಚಾರ ಬೇರೆ. ನಿಮ್ಮ ಕೋಣೆಯ ಅಗಲ 10 ಅಡಿ. ಹೆಚ್ಚಿನ ಆರ್‌ಸಿಸಿ ಮನೆಗಳಂತೆ ನಿಮ್ಮ ಸೂರೂ 10 ಅಡಿಯ ಆಸುಪಾಸಿನಲ್ಲಿದ್ದರೆ ಅಗಲ, ಎತ್ತರಗಳೆರಡೂ ಸುಮಾರು 56 ಹರ್ಟ್ಸ್‌ನಲ್ಲಿ ಮತ್ತು ಅದರ ಇಮ್ಮಡಿಯಾದ 113 ಹರ್ಟ್ಸ್‌ನಲ್ಲಿ ಒಟ್ಟೊಟ್ಟಿಗೆ ಅನುರಣಿಸುತ್ತವೆ. ಗಂಡಸರ ಮಾತಿನ ಮೂಲ ಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್ ನಡುವೆ ಇರುವುದರಿಂದ 113 ಅದರ ಹೊಟ್ಟೆಯೊಳಗೇ ಬಂದು ಕೂರುತ್ತದೆ. ಕೋಣೆಯ ನಟ್ಟನಡುವೆ ಕುಳಿತು ಓದಿದರೆ ಈ ಅನುರಣನ ಅತಿ ಹೆಚ್ಚಾಗಿ, ಹಂಡೆಯೊಳಗೆ ಮಾತಾಡಿದಂತಹ ಗುಂಯ್‌ಗುಡುವಿಕೆ ಬರುತ್ತದೆ. ಯು47 ಆರಿಸಲಿ, ಇನ್ನೊಂದನ್ನು ಆರಿಸಲಿ, ಆ ಗುಂಯ್‌ಗುಡುವಿಕೆ ಹಾಗೆಯೇ ಉಳಿಯುತ್ತದೆ. ಹಳೆಯ ಮೈಕ್‌ನ ಮಂದ್ರವೂ ಸೇರಿ ಅದು ಇನ್ನಷ್ಟು ದಪ್ಪವಾಗುವುದೂ ಉಂಟು.

ಆದ್ದರಿಂದ ನಡುಮಧ್ಯದಿಂದ ಒಂದು ಪಕ್ಕಕ್ಕೆ ಎರಡೂವರೆ ಅಡಿಯಷ್ಟು ಸರಿದು ಕುಳಿತು ನೋಡಿ. ಹಾಸಿಗೆ, ರಜಾಯಿ, ಕಂಬಳಿಗಳು ತಾರದ ಪ್ರತಿಧ್ವನಿಯನ್ನು ಹೀರುತ್ತವೆಯೇ ಹೊರತು ಮಂದ್ರದ ಮೇಲೆ ಅವುಗಳ ಪ್ರಭಾವ ಅತ್ಯಲ್ಪ. ಅದಕ್ಕೆ ಕನಿಷ್ಠ 4 ಇಂಚು ದಪ್ಪದ ರಾಕ್‌ವೂಲ್ (ಕಲ್ಲಿನ ನಾರಿನ) ಹಲಗೆಗಳನ್ನು ಮೂಲೆಗಳಲ್ಲಿ ನಿಲ್ಲಿಸಬೇಕು. ಈ ಖರ್ಚನ್ನು ಬದಿಗೊತ್ತಿ ಮೈಕ್ ಕೊಳ್ಳಬೇಡಿರೆಂದೇ ನನ್ನ ಸಲಹೆ. ನಾನು ಮಾಡೆಲಿಂಗ್ ಮೈಕ್ ಬಳಸುತ್ತೇನೆ, ನಿಜ. ಆದರೆ ಒಂದು ಪುಸ್ತಕಕ್ಕೆ ಒಂದು ಮಾಡೆಲ್ ಎಂದು ನಿಶ್ಚಯಿಸಿ, ಕೊನೆಯ ಅಧ್ಯಾಯದವರೆಗೆ ಅದನ್ನು ಮುಟ್ಟುವುದಿಲ್ಲ. ನಡುವೆ ಬದಲಿಸಿದರೆ ಕೇಳುಗರಿಗೆ ಓದುವವರೇ ಬದಲಾದಂತೆ ಕಾಣುತ್ತದೆ.

ಇನ್ನೊಂದು ಮಾತು. ಸಿ12, ಟೆಲಿಫುಂಕನ್ ಇಎಲ್ಎ ಎಂ 251 ಬಗೆಯ ಮಾಡೆಲ್‌ಗಳು ತಾರವನ್ನು ಎತ್ತಿ ಕೊಡುವುದರಿಂದ ನಮ್ಮ ಸ, ಶ, ಷ, ಛಗಳು ಕಿವಿಗೆ ಚುಚ್ಚುವ ಸಂಭವವಿದೆ. ಮೈಕ್‌ನ ಮತ್ತು ಪ್ರೀಆಂಪ್‌ನ (ಮೈಕ್‌ನ ಕ್ಷೀಣ ಸಿಗ್ನಲ್ ಹಿಗ್ಗಿಸುವ ಭಾಗದ) ಸ್ವಂತ ಗೊರಗೊರವೂ ಅದರೊಡನೆಯೇ ಏರುತ್ತದೆ. ಹಾಡಿನಲ್ಲಿ ವಾದ್ಯಗಳ ನಡುವೆ ಮುಚ್ಚಿಹೋಗುವ ಈ ದೋಷ ಒಂಟಿ ಮಾತಿನಲ್ಲಿ ಬಟಾಬಯಲಾಗುತ್ತದೆ.

ಉತ್ತರ (ಉಡುಪಿ, ಯಕ್ಷಗಾನ ಹಿಮ್ಮೇಳ)

ಕೋರಿಕೆಗೆ ನೇರ ಸಂಬಂಧವಿಲ್ಲದಿದ್ದರೂ, ಮುಂದೆ ಚರ್ಮವಾದ್ಯ ಮುದ್ರಿಸುವ ಆಲೋಚನೆಯಿದ್ದರೆ ಎಂದು ಹೇಳುತ್ತಿದ್ದೇನೆ. ಚೆಂಡೆಗೆ ನಾನು ನಿಜವಾದ ಶೂರ್ ಎಸ್ಎಂ57 ಮೈಕ್ ಅನ್ನೇ ಇಡುತ್ತೇನೆ. ಕಂಡೆನ್ಸರ್ ಮೈಕ್‌ನಲ್ಲಿ ಎಸ್ಎಂ57 ಮಾಡೆಲ್ ಹಾಕಿದಾಗ ನಾದದ ಬಣ್ಣ ಹತ್ತಿರ ಬಂದರೂ, ಡೈನಾಮಿಕ್ ಮೈಕ್ ಪೆಟ್ಟಿನ ಮೊನೆಯನ್ನು ಮೊಂಡಾಗಿಸುವ ರೀತಿ ನನ್ನ ಕಿವಿಗೆ ಸಿಕ್ಕಿಲ್ಲ. ಅಸಲಿ ಮೈಕ್ ಅಗ್ಗವಾಗಿ ದೊರೆಯುವಾಗ ಅದರ ನಕಲಿಗೆ ಹೋಗುವುದೇಕೆ?

ಉತ್ತರ (ಬೆಂಗಳೂರು, ಸೌಂಡ್ ಎಂಜಿನಿಯರ್)

ಪಟ್ಟಿಯಲ್ಲಿರುವ ಹೆಸರುಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದನ್ನು ಯಾರೂ ಬರೆದಿಲ್ಲವಾದ್ದರಿಂದ ಅಲ್ಲಿಂದ ಆರಂಭಿಸುತ್ತೇನೆ. ಯು47 ಮಾರುಕಟ್ಟೆಗೆ ಬಂದದ್ದು 1949ರಲ್ಲಿ. ಅದರ ಹೃದಯವಾಗಿದ್ದ ವಿಎಫ್14 ವಾಲ್ವ್‌ನ (ಸಿಗ್ನಲ್ ಹಿಗ್ಗಿಸುವ ನಿರ್ವಾತ ಕೊಳವೆಯ) ತಯಾರಿಕೆ ಎಂದೋ ನಿಂತುಹೋಯಿತು. ಮೊದಮೊದಲಿನ ಎಂ7 ಕ್ಯಾಪ್ಸೂಲ್‌ನ (ಡಯಾಫ್ರಾಮ್ ಇರುವ ಭಾಗದ) ಪಿವಿಸಿ ಪೊರೆ ವಯಸ್ಸಾದಂತೆ ಕೆಡುವಂಥದು. ನಂತರದವುಗಳಲ್ಲಿ ಕೆ47 ಕ್ಯಾಪ್ಸೂಲ್ ಬಂತು. ಹೀಗಾಗಿ ಇಂದು ಬದುಕುಳಿದಿರುವ ಎರಡು ಯು47ಗಳನ್ನು ಅಕ್ಕಪಕ್ಕ ನಿಲ್ಲಿಸಿದರೂ ಅವು ಒಂದೇ ರೀತಿ ಕೇಳಿಸುವ ಖಾತರಿಯಿಲ್ಲ. ಪ್ಲಗಿನ್‌ನಲ್ಲಿ ಯು47 ಎಂದಿರುವುದು ಯಾವುದೋ ಒಂದು ನಿರ್ದಿಷ್ಟ ಮೈಕ್‌ನ ಅಳತೆ ಅಷ್ಟೆ. ಅದು ಅಸಲಿಗೆ ಎಷ್ಟು ಹತ್ತಿರ ಎಂಬ ವಾದಕ್ಕಿಂತ ನಿಮ್ಮ ಕಂಠಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆ ಮುಖ್ಯ. ಹೋಲಿಸುವಾಗ ಎಲ್ಲವನ್ನೂ ಒಂದೇ ಮಟ್ಟದ ಸದ್ದಿಗೆ ತಂದು, ಹೆಸರು ಕಾಣದಂತೆ ಮನೆಯ ಇನ್ನೊಬ್ಬರಿಂದ ಬದಲಿಸಿಸಿ ಕೇಳಿ. ತುಸು ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಯಾವಾಗಲೂ ತೀರ್ಪು ಕೊಡುತ್ತದೆ.

ಒಂದೇ ಸಿಗ್ನಲ್ ಕೊಡುವ ಬಗೆಗೆ ಇನ್ನೂ ಒಂದು ಮಿತಿಯಿದೆ. ಅಸಲಿ ಮೈಕ್ ಮುಂದಿನಿಂದ ಬಂದ ಸದ್ದಿಗೆ ಒಂದು ಬಣ್ಣ, ಪಕ್ಕದಿಂದ ಬಂದದ್ದಕ್ಕೆ ಇನ್ನೊಂದು ಬಣ್ಣ ಕೊಡುತ್ತದೆ. ಒಂದೇ ಸಿಗ್ನಲ್ ಇರುವಾಗ ಯಾವ ಸದ್ದು ಯಾವ ದಿಕ್ಕಿನಿಂದ ಬಂತೆಂದು ಪ್ಲಗಿನ್‌ಗೆ ತಿಳಿಯುವ ದಾರಿಯಿಲ್ಲದ ಕಾರಣ ಎಲ್ಲಕ್ಕೂ ಒಂದೇ ಬಣ್ಣ ಬಳಿಯುತ್ತದೆ. ಪ್ರತಿಧ್ವನಿ ಹೀರಿದ ಕೋಣೆಯಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಟೈಲ್ಸ್ ನೆಲದ ಬೋಳು ಕೋಣೆಯಲ್ಲಿ ಚೆನ್ನಾಗಿ ತಿಳಿಯುತ್ತದೆ.

ಹಾಡುವಾಗ ಪ್ಲಗಿನ್ ಮೂಲಕ ಹೆಡ್‌ಫೋನ್‌ನಲ್ಲಿ ಕೇಳಿಕೊಳ್ಳುವ ಆಸೆಯನ್ನು ಸದ್ಯಕ್ಕೆ ಬಿಡಿ. 48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ತೆಗೆದುಕೊಳ್ಳುವ ಧ್ವನಿಯ ತುಣುಕು) ಇಟ್ಟರೆ ನಿಮ್ಮ ಕಂಠ ಕಂಪ್ಯೂಟರಿಗೆ ಹೋಗುವಾಗ ಸುಮಾರು 2.7, ಬರುವಾಗ ಅಷ್ಟೇ ಮಿಲಿಸೆಕೆಂಡ್ ತಡವಾಗಿ, ಇಂಟರ್‌ಫೇಸ್‌ನದೂ (ಮೈಕ್ ಮತ್ತು ಕಂಪ್ಯೂಟರನ್ನು ಜೋಡಿಸುವ ಪೆಟ್ಟಿಗೆಯದೂ) ಮೇಲೆ ಸೇರುತ್ತದೆ. ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್‌ನಲ್ಲಿ (ಕಂಪ್ಯೂಟರಿಗೆ ಹೋಗದೆ ನೇರವಾಗಿ ಕೇಳಿಸುವ ಸೌಲಭ್ಯದಲ್ಲಿ) ಮುಂದಿನ ಡಯಾಫ್ರಾಮ್‌ನ ಸಿಗ್ನಲ್ ಮಾತ್ರ ಕೇಳಿಕೊಂಡು ಹಾಡಿದರೆ ಶ್ರುತಿ, ಲಯ ಎರಡಕ್ಕೂ ನೆಮ್ಮದಿ.

ಕೋರಿಕೆದಾರರ ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದಗಳು. ಮೊದಲು ಕೋಣೆಯ ಕೆಲಸ ಮಾಡಿಸಿ, ಆಮೇಲೆ ಎರಡು ಟ್ರ್ಯಾಕ್‌ನ ಮೈಕ್ ಕೊಳ್ಳುವುದೆಂದು ಮನೆಯಲ್ಲಿ ಮಾತಾಗಿದೆ. ನಮ್ಮಲ್ಲಿರುವ ಇಂಟರ್‌ಫೇಸ್‌ಗೆ ಎರಡು ಮೈಕ್ ಇನ್‌ಪುಟ್‌ಗಳಿವೆ, ಆದರೆ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ತಿರುಪಿನ ಮೇಲೆ ಅಂಕಿಗಳಿಲ್ಲ. ಎರಡನ್ನೂ ಸಮನಾಗಿ ಇಡುವುದು ಹೇಗೆ ಸರ್?

ಉತ್ತರ (ಬೆಂಗಳೂರು)

ಒಳ್ಳೆಯ ಪ್ರಶ್ನೆ ಮೇಡಂ, ಏಕೆಂದರೆ ಗೇನ್ ಸಮನಿಲ್ಲದಿದ್ದರೆ ಮೈಸೂರಿನವರು ಹೇಳಿದ ಕೂಡುವ, ಕಳೆಯುವ ಲೆಕ್ಕವೇ ತಪ್ಪುತ್ತದೆ. ಎರಡೂ ಇನ್‌ಪುಟ್‌ಗಳಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ ವಿದ್ಯುತ್) ಕೊಡಿ. ಮೊಬೈಲಿನಲ್ಲಿ ಒಂದೇ ಸಮನೆ ಜೋಗಿನಂತೆ ಭೋರೆನ್ನುವ ನಾಯ್ಸ್ ಸದ್ದನ್ನು ಹಾಕಿ, ಅದನ್ನು ಮೈಕ್‌ನ ಸರಿಪಕ್ಕಕ್ಕೆ, ಅಂದರೆ ಮುಂಭಾಗಕ್ಕೆ 90 ಡಿಗ್ರಿ ಕೋನದಲ್ಲಿ, ಒಂದಡಿ ದೂರ ಇಡಿ. ಅಲ್ಲಿಂದ ಎರಡು ಡಯಾಫ್ರಾಮ್‌ಗಳಿಗೂ ಸದ್ದು ಒಂದೇ ಪ್ರಮಾಣದಲ್ಲಿ ತಲುಪುತ್ತದೆ. ಪ್ಲಗಿನ್ ಬೇಡ, ರೆಕಾರ್ಡಿಂಗ್ ತಂತ್ರಾಂಶದಲ್ಲಿ ಎರಡೂ ಟ್ರ್ಯಾಕ್‌ಗಳನ್ನು ಪ್ಯಾನ್ (ಎಡಬಲ ಹಂಚಿಕೆ) ನಡುವಿಗಿಟ್ಟು, ಹಿಂದಿನದರ ಪೊಲಾರಿಟಿಯನ್ನು (ಸಿಗ್ನಲ್‌ನ ಧನ, ಋಣಗಳನ್ನು) ತಿರುಗಿಸಿ, ಮುಂದಿನದರ ಗೇನ್ ಮುಟ್ಟದೆ ಹಿಂದಿನದನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ. ಒಟ್ಟು ಸದ್ದು ಅತಿ ಕಡಿಮೆಯಾಗುವ ಜಾಗವೇ ಸಮಗೇನ್. ತಿರುಪಿನ ಬದಿಗೆ ಟೇಪ್ ಅಂಟಿಸಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ನಿಮ್ಮ ಹಾಡಿಗೊಂದು, ಯಜಮಾನರ ಓದಿಗೊಂದು.

ಕೊನೆಯದಾಗಿ, ಮಾಡೆಲ್ ಹಾಕಿದ ಆವೃತ್ತಿಯನ್ನು ಮಾತ್ರ ಉಳಿಸಿಕೊಂಡು ಮೂಲದ ಎರಡು ಟ್ರ್ಯಾಕ್‌ಗಳನ್ನು ಅಳಿಸಬೇಡಿ. ಹಾಗೆಯೇ ಮೂಲವನ್ನು ಮಾತ್ರ ಇಟ್ಟುಕೊಂಡು ಪ್ಲಗಿನ್ ಸದಾ ಇರುತ್ತದೆಂದೂ ನಂಬಬೇಡಿ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಬದಲಾದಾಗ ಹಳೆಯ ಪ್ಲಗಿನ್ ತೆರೆಯದೆ ಹೋಗುವುದುಂಟು. ಮೂಲ, ಮಾಡೆಲ್ ಹಾಕಿದ್ದು ಎರಡೂ ಡಬ್ಲ್ಯುಎವಿ ಕಡತಗಳಾಗಿ, ಬಳಸಿದ ಮಾಡೆಲ್‌ನ ಮತ್ತು ವಿನ್ಯಾಸದ ಹೆಸರು ಕಡತದ ಹೆಸರಿನಲ್ಲೇ ಇರುವಂತೆ, ಬೇರೊಂದು ಹಾರ್ಡ್ ಡಿಸ್ಕ್‌ನಲ್ಲಿರಲಿ.