‘ಫೈಟೊ’ಗೆ ಕನ್ನಡದಲ್ಲಿ ಏನನ್ನೋಣ? ಒರೆಗಾನೊ ನಮ್ಮ ದೊಡ್ಡಪತ್ರೆಯೇ?

ಬಲ್ಲವರಿಗೆ ನಮಸ್ಕಾರ.

ಹಾಸನದಲ್ಲಿರುವ ನಮ್ಮ ಭಾವ ಮಸಾಲೆ ಪ್ಯಾಕೆಟ್ ಮಾಡಿ ಬೇಕರಿಗಳಿಗೆ, ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳಿಗೆ ಕೊಡುತ್ತಾರೆ. ಈಗ ಟರ್ಕಿಯಿಂದ ಒಣ ಒರೆಗಾನೊ, ಅಂದರೆ ಪಿಜ್ಜಾ ಮೇಲೆ ಉದುರಿಸುವ ಘಮದ ಎಲೆ, ತರಿಸುವ ಯೋಚನೆ. ಅಲ್ಲಿಯ ವ್ಯಾಪಾರಿ ಕಳಿಸಿದ ಕಾಗದಪತ್ರಗಳ ಮಾದರಿಯನ್ನು ನನ್ನ ಮುಂದೆ ಹರಡಿ, “ಇದ್ರಲ್ಲಿ ಏನೈತೆ ಅಂತ ಕನ್ನಡದಲ್ಲಿ ಬರ್ಕೊಡಪ್ಪ” ಅಂದರು. ಬರೆಯಲು ಕೂತರೆ ಹೆಜ್ಜೆಹೆಜ್ಜೆಗೂ ಪೆನ್ನು ನಿಲ್ಲುತ್ತಿದೆ.

‘ಹರ್ಬ್’ ಅನ್ನು ಗಿಡಮೂಲಿಕೆ ಎಂದರೆ ಕಷಾಯದ ವಾಸನೆ ಹೊಡೆಯುತ್ತದೆ. ಒಣಸೊಪ್ಪು ಎಂದರೆ ಮಲೆನಾಡಿನವರು ಕೊಟ್ಟಿಗೆಗೆ ಹಾಸಿಬಿಟ್ಟಾರು, ಅರಕಲಗೂಡಿನವರಿಗೆ ಹೊಗೆಸೊಪ್ಪು ನೆನಪಾದೀತು. ಸದ್ಯಕ್ಕೆ ‘ಅಡುಗೆಯ ಒಣ ಎಲೆ’ ಎಂದಿದ್ದೇನೆ. ಸಪ್ಪೆ.

ಸಸ್ಯದ ಶಾಸ್ತ್ರೀಯ ಹೆಸರಿನ ಅಂಕಣದಲ್ಲಿ ‘ಒರಿಗಾನಮ್ ಒನೈಟಿಸ್’ ಎಂದಿದೆ. ಭಾವ ಅದರ ಪಕ್ಕ ಪೆನ್ಸಿಲಿನಲ್ಲಿ ‘ದೊಡ್ಡಪತ್ರೆ’ ಎಂದು ಗೀಚಿದ್ದರು. ದೊಡ್ಡಪತ್ರೆಯನ್ನು ಇಂಡಿಯನ್ ಒರೆಗಾನೊ ಎನ್ನುವುದುಂಟು, ಘಮವೂ ಹತ್ತಿರ ಹತ್ತಿರ. ಆದರೆ ಅದು ಕೋಲಿಯಸ್ ಕುಲದ್ದು. ಒರೆಗಾನೊಗೆ ರಕ್ತಸಂಬಂಧಿ ಎಂದರೆ ಹೂವಿನವರು ಮಾಲೆಯ ನಡುನಡುವೆ ಸೇರಿಸಿ ಕಟ್ಟುವ ಮರುಗ. ಅದೂ ಒರಿಗಾನಮ್ ಕುಲವೇ. ಹಾಗಾಗಿ ‘ಕಾಡುಮರುಗ’ ಎನ್ನಬಹುದೆಂದು ನನ್ನ ಎಣಿಕೆ. ಕಾಗದಪತ್ರದಲ್ಲಿ ಮಾತ್ರ ಶಾಸ್ತ್ರೀಯ ಹೆಸರೇ ಇರಲಿ ಎಂದು ಪೆನ್ಸಿಲ್ ಗೀಚು ಅಳಿಸಿಸಿದೆ.

ಹೆಚ್ಚು ಕಾಡಿದ್ದು ಫೈಟೊಸ್ಯಾನಿಟರಿ ಸರ್ಟಿಫಿಕೇಟ್. ವ್ಯಾಪಾರದವರ ಬಾಯಲ್ಲಿ ಬರೀ ‘ಫೈಟೊ’. “ಫೈಟಾ? ಯಾರ್ ಜೊತೆ?” ಅಂತ ಅಕ್ಕ ಅಡುಗೆಮನೆಯಿಂದಲೇ ಕೇಳಿದಳು. ‘ಸಸ್ಯ ಆರೋಗ್ಯ ಪ್ರಮಾಣಪತ್ರ’ ಎಂದು ಬರೆದೆ. ಭಾವ ಓದಿ, “ಹಂಗಾದ್ರೆ ತಿನ್ನಕ್ಕೆ ಒಳ್ಳೇದು ಅಂತ ಸರ್ಕಾರನೇ ಬರ್ಕೊಟ್ಟಂಗಾಯ್ತು” ಅಂದರು. ಅಲ್ಲೇ ಎಡವಟ್ಟು. 1951ರ ಅಂತರರಾಷ್ಟ್ರೀಯ ಸಸ್ಯಸಂರಕ್ಷಣಾ ಒಪ್ಪಂದದ ಮಾದರಿಯಲ್ಲಿ ಕಳಿಸುವ ದೇಶದ ಸರ್ಕಾರಿ ಸಂಸ್ಥೆ ಕೊಡುವ ಪತ್ರವದು. ‘ತಪಾಸಣೆ ಮಾಡಿದ್ದೇವೆ, ನೀವು ಬೇಡವೆಂದು ಹೆಸರಿಸಿದ ಪೀಡೆಗಳು ಇದರಲ್ಲಿಲ್ಲ’ ಎಂಬುದಷ್ಟೇ ಅದರ ತಾತ್ಪರ್ಯ. ಅದು ಕಾಯುವುದು ನಮ್ಮ ಹೊಲ, ತೋಟಗಳನ್ನು. ಹೊಟ್ಟೆಯ ಲೆಕ್ಕ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐದು, ಅದರ ತಪಾಸಣೆ ಬೇರೆಯೇ ನಡೆಯುತ್ತದೆ.

‘ಕೀಟಮುಕ್ತ’ ಎಂದರೂ ಸಾಲದು, ಆ ಪತ್ರದ ಲೆಕ್ಕದಲ್ಲಿ ಶಿಲೀಂಧ್ರ, ಕಳೆಗಳೂ ಪೀಡೆಗಳೇ. ‘ಪೀಡೆನಾಶಕ’ ಹೇಗೂ ರೈತರ ಕಿವಿಗೆ ಬಿದ್ದಿರುವ ಮಾತು, ಅದನ್ನೇ ಹಿಡಿದು ‘ಪೀಡೆಮುಕ್ತಿ ಪತ್ರ’ ಎಂದೆ. “ದೆವ್ವ ಬಿಡ್ಸೋ ಚೀಟಿ ಇದ್ದಂಗೈತೆ” ಎಂದು ಅಕ್ಕ ನಕ್ಕಳು. ಅಲ್ಲಿಗೆ ನನ್ನ ಹುರುಪು ಅರ್ಧ ಇಳಿಯಿತು.

ಇನ್ನು ಬಿಲ್ ಆಫ್ ಲೇಡಿಂಗ್. ಬಿಲ್ ಅಂದಕೂಡಲೇ ಎಷ್ಟು ದುಡ್ಡು ಅಂತ ಭಾವ ಕೇಳಿದರು. ಸರಕು ಹೇರಿಸಿಕೊಂಡೆವೆಂದು ಹಡಗಿನವರು ಕೊಡುವ ರಸೀದಿ ಅದು. ಸರಕು ಬಿಡಿಸಿಕೊಳ್ಳಲೂ ಅದೇ ಬೇಕು. ಮರ ಸಾಗಿಸುವವರ ‘ರಹದಾರಿ’ ಇಲ್ಲಿ ಹೊಂದದು, ಅದು ಅನುಮತಿಯಾಯಿತು. ಎತ್ತಿನ ಹೇರಿನ ನೆನಪಿನಲ್ಲಿ ‘ಹೇರೋಲೆ’ ಎಂದು ಕಟ್ಟಿದ್ದೇನೆ. ಹೇರಿನ ಸರಕಿಗೆ ಸುಂಕದ ಕಟ್ಟೆಯಲ್ಲಿ ಬರೆದುಕೊಡುತ್ತಿದ್ದ ಚೀಟಿಗೆ ಹಳಬರಲ್ಲಿ ಬೇರೆ ಪದವಿತ್ತೇ? ಪೀಡೆಗೆ ದೆವ್ವದ ಸೋಂಕಿಲ್ಲದ ಪದ ಯಾರಿಗಾದರೂ ಹೊಳೆದರೆ ಅದನ್ನೂ ತಿಳಿಸಿ.