ಸಹಾಯ ಬೇಕು: ಮಂಗಳೂರಿನಿಂದ ದುಬೈಗೆ ನಿಜಕ್ಕೂ ಎಷ್ಟು ಹೊತ್ತು?

ಎಲ್ಲರಿಗೂ ನಮಸ್ಕಾರ. ಅಮ್ಮ ಮೊದಲ ಸಲ ವಿಮಾನ ಹತ್ತುತ್ತಿದ್ದಾರೆ, ಅದೂ ಒಬ್ಬರೇ. ದುಬೈನಲ್ಲಿರುವ ತಮ್ಮನ ಮನೆಗೆ. ಕಣ್ಣಿನ ಪೊರೆ ಆಪರೇಷನ್ ಆಗಿದೆ, ಪ್ರಯಾಣ ಮಾಡಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಆದರೆ ನಾಲ್ಕು ಗಂಟೆಗೊಮ್ಮೆ ಡ್ರಾಪ್ಸ್ ಹಾಕಿಕೊಳ್ಳಬೇಕು. ನನ್ನ ತಲೆನೋವು ಶುರುವಾಗಿದ್ದೇ ಅಲ್ಲಿಂದ.

ಟಿಕೆಟ್‌ನಲ್ಲಿ ಬೆಳಿಗ್ಗೆ 8:30ಕ್ಕೆ ಹೊರಟು 10:50ಕ್ಕೆ ತಲುಪುತ್ತದೆ ಎಂದಿದೆ. ಅರೆ, ಎರಡೂಕಾಲು ಗಂಟೆ ಚಿಲ್ಲರೆಯಲ್ಲೇ ದುಬೈ! ವಾಪಸ್ ಬರುವಾಗ ರಾತ್ರಿ 11:30ಕ್ಕೆ ಹೊರಟು ಬೆಳಗಿನ ಜಾವ 4:30ಕ್ಕೆ, ಅಂದರೆ ಐದು ಗಂಟೆ. ಆಮೇಲೆ ತಮ್ಮ ಹೇಳಿದ, ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ ಅಂತ. ಹಾಗೆ ಲೆಕ್ಕ ಹಾಕಿದರೆ ಹೋಗಲು 3 ಗಂಟೆ 50 ನಿಮಿಷ, ಬರಲು ಮೂರೂವರೆ ಗಂಟೆ.

ಇಷ್ಟಾದರೂ ಲೆಕ್ಕ ಕೂಡುತ್ತಿಲ್ಲ. ಮ್ಯಾಪಿನಲ್ಲಿ ನೇರ ಗೆರೆ ಎಳೆದು ನೋಡಿದೆ, ಸುಮಾರು 2,460 ಕಿ.ಮೀ. ಗಂಟೆಗೆ 850 ಕಿ.ಮೀ. ವೇಗ ಅಂದುಕೊಂಡರೂ ಮೂರು ಗಂಟೆ ಸಾಕು ಅಲ್ವಾ? ಮಿಕ್ಕ ಐವತ್ತು ನಿಮಿಷ ಎಲ್ಲಿ ಹೋಯಿತು? ಹೋಗುವಾಗ ಎದುರುಗಾಳಿ ಇರುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಅದೊಂದೇ ಕಾರಣವೇ?

ಅಮ್ಮ ವಾಚ್ ಬದಲಿಸುವುದಿಲ್ಲ, ನಮ್ಮ ಟೈಮಿನಲ್ಲೇ ನೋಡುತ್ತಾರೆ. 8 ಗಂಟೆಗೆ ಒಂದು ಹನಿ ಹಾಕಿದರೆ ಮುಂದಿನದು 12ಕ್ಕೆ.

ಗೊತ್ತಿರುವವರು ಇಷ್ಟು ಹೇಳಿ: ಟಿಕೆಟ್‌ನ ಸಮಯದಲ್ಲಿ ರನ್‌ವೇ ಕಡೆ ಓಡಾಡುವ ಹೊತ್ತೂ ಸೇರಿರುತ್ತದೆಯೇ? ನಮ್ಮ 12 ಗಂಟೆಗೆ ವಿಮಾನ ಇನ್ನೂ ಮೇಲಿರುತ್ತದೆಯೇ, ಇಳಿಯುತ್ತಿರುತ್ತದೆಯೇ?